ನೇಪಾಳದ ಹಳ್ಳಿಶಾಲೆಗೆ ಹೊರಟ ಟೀಚರ ಚೀಲಕ್ಕೆ ಫೋಲ್ಡ್‌ಸ್ಕೋಪ್: ಕೊಳ್ಳಬಹುದೇ?

ಉಡುಪಿ, ಮಂಗಳೂರು ಕಡೆಯಿಂದ ನೇಪಾಳದ ಗುಡ್ಡಗಾಡಿನ ಶಾಲೆಗೆ ವಾರ ಹತ್ತು ದಿನದ ಮಟ್ಟಿಗೆ ಹೊರಡುವ ವಿಜ್ಞಾನದ ಟೀಚರುಗಳು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ: ಮಕ್ಕಳಿಗೆ ಏನು ತಕೊಂಡು ಹೋಗಲಿ? ಚಾರ್ಟು, ಗ್ಲೋಬು, ಪೆನ್ಸಿಲ್ ಕಟ್ಟು ಇವೆಲ್ಲ ಕಾಠ್ಮಂಡುವಿನಲ್ಲೂ ಸಿಗುತ್ತವೆ, ಪೋಖರಾದಲ್ಲೂ ಸಿಗುತ್ತವೆ. ಇಲ್ಲಿಂದ ಹೊರಬೇಕಾದ ಅಗತ್ಯವಿಲ್ಲ. ಶಾಲೆಯಲ್ಲಿ ಬಳಸುವ ಸಂಯುಕ್ತ ಸೂಕ್ಷ್ಮದರ್ಶಕ ಒಯ್ಯೋಣವೆಂದರೆ ಅದು ಕಿಲೋಗಟ್ಟಲೆ ಭಾರ, ಬಸ್ಸಿನ ಕುಲುಕಾಟಕ್ಕೆ ಅದರ ಕನ್ನಡಿ, ಆಬ್ಜೆಕ್ಟಿವ್ ಯಾವುದೂ ನೆಟ್ಟಗೆ ಉಳಿಯುವ ಖಾತ್ರಿಯಿಲ್ಲ. ಒಯ್ದರೂ ನಲ್ವತ್ತು ಮಕ್ಕಳಿಗೆ ಒಂದೇ ಒಂದು. ಹಾಗಾಗಿ ಕಾಗದ ಮಡಿಸಿ ಮಾಡುವ ಫೋಲ್ಡ್‌ಸ್ಕೋಪ್ ಎಂಬ ಸೂಕ್ಷ್ಮದರ್ಶಕವನ್ನು ಈ ಒಂದು ಉಪಯೋಗದ ಮಟ್ಟಿಗೆ ಮಾತ್ರ ಇಲ್ಲಿ ತೂಗಿ ನೋಡಿದ್ದೇವೆ.

ತೀರ್ಪು ಮೊದಲೇ ಹೇಳಿಬಿಡುವುದು ಒಳ್ಳೆಯದು. ಮಕ್ಕಳ ಕೈಯಲ್ಲೇ ಮಡಿಸಿಸಿ, ಅಲ್ಲಿಯೇ ಬಿಟ್ಟುಬರುವ ಮನಸ್ಸಿದ್ದರೆ ಕಣ್ಣುಮುಚ್ಚಿ ಕೊಳ್ಳಿ. ಒಂದೆರಡನ್ನು ಒಯ್ದು, ಸಾಲಾಗಿ ನಿಲ್ಲಿಸಿ, ಎಲ್ಲರಿಗೂ ಒಂದೊಂದು ಸಲ ತೋರಿಸಿ ವಾಪಸ್ ತರುವ ಯೋಚನೆಯಿದ್ದರೆ ಕೊಳ್ಳುವುದೇ ಬೇಡ. ಸಾಲಿನಲ್ಲಿ ನಿಂತ ಮಗು ಹತ್ತು ಸೆಕೆಂಡಿನಲ್ಲಿ ಇದರೊಳಗೆ ಏನನ್ನೂ ಕಾಣುವುದಿಲ್ಲ. "ಕಂಡಿತಾ?" ಎಂದರೆ ಸಂಕೋಚಕ್ಕೆ "ಹೂಂ" ಎನ್ನುತ್ತದೆ, ಅಷ್ಟೆ.

ಇದನ್ನು ರೂಪಿಸಿದವರು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಮನು ಪ್ರಕಾಶ್ ಮತ್ತು ಜಿಮ್ ಸೈಬಲ್ಸ್ಕಿ. ಮನು ಪ್ರಕಾಶ್ ಐಐಟಿ ಕಾನ್ಪುರದಲ್ಲಿ ಓದಿದವರು. 2014ರಲ್ಲಿ ಪ್ಲಾಸ್ ಒನ್ ಎಂಬ ವಿಜ್ಞಾನ ಪತ್ರಿಕೆಯಲ್ಲಿ ಇದರ ವಿನ್ಯಾಸ ಪ್ರಕಟವಾಯಿತು. ಬಿಡಿಭಾಗಗಳ ಖರ್ಚು ಒಂದು ಡಾಲರಿಗೂ ಕಡಿಮೆ ಎಂಬುದು ಆಗಿನ ಲೆಕ್ಕ. 2015ರಲ್ಲಿ ನಮ್ಮ ಕೇಂದ್ರ ಸರಕಾರದ ಜೈವಿಕ ತಂತ್ರಜ್ಞಾನ ಇಲಾಖೆಯೂ ಇವರ ಪ್ರಯೋಗಾಲಯದ ಜೊತೆ ಒಪ್ಪಂದ ಮಾಡಿಕೊಂಡಿತು. ಹಾಗಾಗಿ ನಮ್ಮ ದೇಶದ ಶಾಲೆ ಕಾಲೇಜುಗಳಿಗೆ ಇದು ತೀರಾ ಹೊಸತೇನಲ್ಲ.

ಒಳಗಿರುವುದು ಒಂದೇ ಒಂದು ಲೆನ್ಸು, ಅದೂ ಗುಂಡಗಿನ ಗಾಜಿನ ಮಣಿ. ಹದಿನೇಳನೇ ಶತಮಾನದಲ್ಲಿ ಸೂಕ್ಷ್ಮಜೀವಿಗಳನ್ನು ಕಂಡ ಲೇವನ್‌ಹುಕ್ ಬಳಸಿದ್ದೂ ಇಂಥದೇ ಏಕಲೆನ್ಸಿನ ಉಪಕರಣವನ್ನು. 2014ರ ಪ್ರಬಂಧದಲ್ಲಿ 140 ಪಟ್ಟು ವರ್ಧನೆಗೆ ಬಳಸಿದ್ದು ಸುಮಾರು 2.4 ಮಿ.ಮೀ. ವ್ಯಾಸದ ಬೋರೋಸಿಲಿಕೇಟ್ ಮಣಿ. ಈ ಗಾಜಿನ ವಕ್ರೀಭವನ ಸೂಚ್ಯಂಕ ಸುಮಾರು 1.52. ಲೆಕ್ಕ ಹಾಕಿದರೆ ಸಂಗಮದೂರ (ಫೋಕಲ್ ಲೆಂಥ್) ಸುಮಾರು 1.75 ಮಿ.ಮೀ. ಬರುತ್ತದೆ. ಕಣ್ಣಿಗೆ ಆಯಾಸವಿಲ್ಲದೆ ಸ್ಪಷ್ಟವಾಗಿ ಕಾಣುವ 250 ಮಿ.ಮೀ. ದೂರವನ್ನು ಇದರಿಂದ ಭಾಗಿಸಿದರೆ 143. ಪೆಟ್ಟಿಗೆಯ ಮೇಲಿನ 140 ಎಂಬ ಅಂಕಿ ಬಂದದ್ದು ಹೀಗೆ. ಹತ್ತನೇ ತರಗತಿಯ ಮಕ್ಕಳ ಕೈಯಲ್ಲೇ ಈ ಲೆಕ್ಕ ಮಾಡಿಸಬಹುದು.

ಇದೇ ಲೆಕ್ಕದಿಂದ ಹೊರಡುವ ಇನ್ನೊಂದು ಸಂಗತಿ ತರಗತಿಯಲ್ಲಿ ಬಹಳ ಉಪಯೋಗಕ್ಕೆ ಬರುತ್ತದೆ. ಆ 1.75 ಮಿ.ಮೀ. ಅಳೆಯುವುದು ಮಣಿಯ ನಡುಬಿಂದುವಿನಿಂದ. ತ್ರಿಜ್ಯ 1.2 ಮಿ.ಮೀ. ಕಳೆದರೆ ಮಣಿಯ ಮೈಗೂ ನೋಡುವ ವಸ್ತುವಿಗೂ ನಡುವೆ ಉಳಿಯುವುದು ಬರೀ ಅರ್ಧ ಮಿಲಿಮೀಟರಿನಷ್ಟು ಜಾಗ. ಸ್ಲೈಡಿನ ಮೇಲಿನ ವಸ್ತುವನ್ನು ಮುಚ್ಚುವ ತೆಳು ಗಾಜಿನ ಚೂರು, ಅಂದರೆ ಕವರ್‌ಸ್ಲಿಪ್ಪಿನ ದಪ್ಪ 0.17 ಮಿ.ಮೀ. ಆಸುಪಾಸು, ಅದು ಈ ಜಾಗದಲ್ಲಿ ಹಿಡಿಸುತ್ತದೆ. ಗಾಜಿನ ಸ್ಲೈಡಿನ ದಪ್ಪ ಒಂದು ಮಿ.ಮೀ., ಅದು ಹಿಡಿಸುವುದಿಲ್ಲ. ಸ್ಲೈಡನ್ನು ಮಗುಚಿ ತೂರಿಸಿದರೆ ಎಷ್ಟು ತಿಣುಕಿದರೂ ಫೋಕಸ್ ಆಗದಿರುವುದು ಈ ಕಾರಣಕ್ಕೆ. "ಮೇಡಂ, ಏನೂ ಕಾಣುವುದಿಲ್ಲ" ಎಂಬ ದೂರು ಬಂದರೆ ಮೊದಲು ಸ್ಲೈಡು ಹೊರತೆಗೆದು ಕವರ್‌ಸ್ಲಿಪ್ ಲೆನ್ಸಿನ ಕಡೆಗಿದೆಯೇ ನೋಡಿ. ಮುಕ್ಕಾಲು ಪಾಲು ದೂರು ಅಲ್ಲಿಗೇ ಮುಗಿಯುತ್ತದೆ.

ಕೊಳ್ಳುವಾಗ ಎರಡು ಬಗೆ ಎದುರಾಗುತ್ತವೆ. ಚಿಮುಟ, ಪುಟ್ಟ ದೀಪ, ಗಾಜಿನ ಸ್ಲೈಡು ಎಲ್ಲ ಸೇರಿದ ಒಬ್ಬರ ಕಿಟ್ ಒಂದು. ಇಪ್ಪತ್ತು ಫೋಲ್ಡ್‌ಸ್ಕೋಪ್ ಇರುವ ತರಗತಿಯ ಪ್ಯಾಕ್ ಇನ್ನೊಂದು. ಹಳ್ಳಿಶಾಲೆಗೆ ತರಗತಿಯ ಪ್ಯಾಕೇ ಸರಿ. ಇಬ್ಬಿಬ್ಬರಿಗೆ ಒಂದರಂತೆ ನಲ್ವತ್ತು ಮಕ್ಕಳಿಗೆ ಸಾಕಾಗುತ್ತದೆ. ಇಬ್ಬರಿಗೆ ಒಂದು ಎಂಬುದು ಕೊರತೆಯೂ ಅಲ್ಲ. ಒಬ್ಬರು ನೋಡುವಾಗ ಇನ್ನೊಬ್ಬರು ಚಿತ್ರ ಬಿಡಿಸಿದರೆ ಕಂಡದ್ದು ಬಾಯಿಮಾತಿಗೆ ಇಳಿಯುತ್ತದೆ, ಕಲಿಕೆ ನಡೆಯುವುದೇ ಆ ಮಾತುಕತೆಯಲ್ಲಿ. ಪ್ಯಾಕಿನ ಜೊತೆಗೆ ನೀವು ಬೇರೆಯಾಗಿ ತಕೊಳ್ಳಬೇಕಾದದ್ದು ಲ್ಯಾಬ್ ಸಾಮಾನಿನ ಅಂಗಡಿಯಿಂದ 75×25 ಮಿ.ಮೀ. ಗಾಜಿನ ಸ್ಲೈಡು ಒಂದು ಪೆಟ್ಟಿಗೆ, ಕವರ್‌ಸ್ಲಿಪ್ ಎರಡು ಪೆಟ್ಟಿಗೆ, ನಾಲ್ಕೈದು ಪ್ಲಾಸ್ಟಿಕ್ ಡ್ರಾಪರ್, ಅಗಲದ ಪಾರದರ್ಶಕ ಟೇಪು. ಕವರ್‌ಸ್ಲಿಪ್ಪನ್ನು ಧಾರಾಳವಾಗಿ ಒಯ್ಯಿರಿ. ಮಕ್ಕಳ ಕೈಯಲ್ಲಿ ಅದು ಒಡೆಯುವ ಲೆಕ್ಕ ಬೇರೆಯೇ.

ಮಡಿಸುವ ಕೆಲಸ ಕಷ್ಟದ್ದಲ್ಲ, ಗಡಿಬಿಡಿ ಮಾತ್ರ ಕೂಡದು. ದೊಡ್ಡವರಿಗೆ ಅಭ್ಯಾಸವಾದ ಮೇಲೆ ಹತ್ತು ನಿಮಿಷ ಸಾಕು; ಮೊದಲ ಸಲ ಮಡಿಸುವ ಏಳನೇ ತರಗತಿಯ ಮಗುವಿಗೆ ಅರ್ಧ ಗಂಟೆಯಾದರೂ ಬೇಕು. ಹಾಳೆಯಿಂದ ಭಾಗಗಳನ್ನು ಎಳೆದು ಕೀಳಬಾರದು. ತೂತಿನ ಗೆರೆಯ ಮೇಲೆ ಬೆರಳಿಟ್ಟು ಹಿಂದಕ್ಕೂ ಮುಂದಕ್ಕೂ ಬಾಗಿಸಿದರೆ ತಾನಾಗಿ ಬಿಡುತ್ತದೆ. ಸಿಕ್ಕಿಸುವ ಸಣ್ಣ ನಾಲಿಗೆಗಳು ಹರಿಯುವುದು ಈ ಹಂತದಲ್ಲೇ. ಆಮೇಲೆ ಪ್ರತಿ ಮಡಿಕೆಯ ಗೆರೆಯ ಮೇಲೂ ಸ್ಕೇಲಿನ ಅಂಚಿಟ್ಟು ಉಗುರಿನಿಂದ ಒತ್ತಿ ಗೀರಿಸಬೇಕು. ಹಾಳೆ ನೀರಿಗೆ ಜಗ್ಗದ ಸಿಂಥೆಟಿಕ್ ಕಾಗದ, ಮಾಮೂಲಿ ಕಾಗದದ ಹಾಗೆ ಹೇಳಿದಲ್ಲಿಗೆ ಮಡಿಯುವುದಿಲ್ಲ. ಗೀರದೆ ಮಡಿಸಿದರೆ ಮಡಿಕೆ ಗೆರೆ ಬಿಟ್ಟು ಅರ್ಧ ಮಿಲಿಮೀಟರು ಸರಿಯುತ್ತದೆ, ಆ ಅರ್ಧ ಮಿಲಿಮೀಟರಿಗೆ ಬೆಳಕಿನ ಕಿಂಡಿಯೂ ಲೆನ್ಸೂ ನೇರಕ್ಕೆ ಬರುವುದು ತಪ್ಪುತ್ತದೆ.

ಲೆನ್ಸಿನ ಬಿಲ್ಲೆ ಕೂರಿಸುವ ಮುನ್ನ ಆ ತೂತಿನಲ್ಲಿ ಕಾಗದದ ಚೂರು ಉಳಿದಿಲ್ಲ ಎಂದು ಖಚಿತ ಮಾಡಿಕೊಳ್ಳಿ. ಬಿಲ್ಲೆಯನ್ನು ಅಂಚಿನಲ್ಲೇ ಹಿಡಿಯಬೇಕು. ಮಣಿಗೆ ಬೆರಳು ತಾಗಿದರೆ ಎಣ್ಣೆಯ ಪಸೆ ಅಂಟಿ ಇಡೀ ನೋಟ ಮಂಜಾಗುತ್ತದೆ. ಒದ್ದೆ ಮಾಡಿ ಹಿಂಡಿದ ಹತ್ತಿಕಡ್ಡಿಯಿಂದ ಮೆಲ್ಲಗೆ ಒರೆಸಿ, ಒಣ ಹತ್ತಿ ಆಡಿಸಿದರೆ ಸಾಕು. ಅಂಗಿಯ ಚುಂಗಿನಲ್ಲಿ ಉಜ್ಜಲು ಬಿಡಬೇಡಿ, ಧೂಳು ಗಾಜನ್ನು ಗೀರುತ್ತದೆ.

ಮಡಿಸಿ ಮುಗಿದ ಮೇಲೆ ಪರೀಕ್ಷೆ ಹೀಗೆ. ಸ್ಲೈಡು ಹಾಕದೆ ಕಿಟಕಿಯ ಕಡೆಗೆ ಹಿಡಿದು ನೋಡಿ. ಪೂರ್ತಿ ದುಂಡಗಿನ ಬೆಳಕಿನ ಬಿಲ್ಲೆ ಕಂಡರೆ ಎಲ್ಲ ಸರಿಯಿದೆ. ಅರ್ಧಚಂದ್ರ ಕಂಡರೆ ಎಲ್ಲೋ ಒಂದು ನಾಲಿಗೆ ಪೂರ್ತಿ ಒಳಗೆ ಕೂತಿಲ್ಲ. ಏನೂ ಕಾಣದಿದ್ದರೆ ಒಂದು ಮಡಿಕೆ ತಿರುಗುಮುರುಗಾಗಿದೆ. ಈ ಪರೀಕ್ಷೆ ಮಾಡದೆ ಸ್ಲೈಡು ಕೊಟ್ಟರೆ ತಪ್ಪು ಮಡಿಕೆಯದ್ದೋ ಸ್ಲೈಡಿನದ್ದೋ ತಿಳಿಯದೆ ಇಡೀ ಪಿರಿಯಡ್ ಹಾಳು.

ಹಿಡಿಯುವುದಕ್ಕೂ ಒಂದು ಕ್ರಮವಿದೆ. ಎರಡೂ ಕೈಯಲ್ಲಿ ತುದಿಗಳನ್ನು ಹಿಡಿದು, ಹುಬ್ಬಿಗೆ ತಾಗುವಷ್ಟು ಹತ್ತಿರ ತಂದು, ಬೆಳಕಿನತ್ತ ಮುಖಮಾಡಿ ನೋಡಬೇಕು. ಫೋಕಸ್ ಪಟ್ಟಿಯನ್ನು ಹೆಬ್ಬೆರಳಿನಿಂದ ತುಸುತುಸುವೇ ಸರಿಸಿದಾಗ ಅದರ ಇಳಿಜಾರು ಲೆನ್ಸಿನ ಭಾಗವನ್ನು ಎತ್ತುತ್ತದೆ, ಇಳಿಸುತ್ತದೆ. ಬೆರಳು ಕೂದಲೆಳೆಯಷ್ಟು ಸರಿದರೂ ಚಿತ್ರ ಬಂದು ಹೋಗಿಬಿಡುತ್ತದೆ. ಮಕ್ಕಳು ಜೋರಾಗಿ ಎಳೆಯುವುದರಿಂದ ಅದು ಬಂದದ್ದೇ ತಿಳಿಯುವುದಿಲ್ಲ. ಮೊದಲ ಸ್ಲೈಡಾಗಿ ಟೇಪಿಗೆ ಅಂಟಿಸಿದ ಒಂದು ತಲೆಕೂದಲು ಕೊಡಿ. ನೋಟದ ಬಿಲ್ಲೆಯನ್ನು ಅಡ್ಡಕ್ಕೆ ಸೀಳುವ ದಪ್ಪ ಗೆರೆಯನ್ನು ಯಾರೂ ತಪ್ಪಿಸಿಕೊಳ್ಳುವುದಿಲ್ಲ, ಫೋಕಸ್ ಆದದ್ದೂ ಗೊತ್ತಾಗುತ್ತದೆ. ಕೂದಲು ಸಾಮಾನ್ಯವಾಗಿ 50ರಿಂದ 100 ಮೈಕ್ರಾನ್ ದಪ್ಪ (ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು). ಮುಂದೆ ನೋಡುವ ಪ್ರತಿ ವಸ್ತುವಿಗೂ ಅದೇ ಅಳತೆಗೋಲು. ಸಂಯುಕ್ತ ಸೂಕ್ಷ್ಮದರ್ಶಕದ ಹಾಗೆ ಇಲ್ಲಿ ಚಿತ್ರ ತಲೆಕೆಳಗಾಗುವುದಿಲ್ಲ ಎಂಬುದನ್ನೂ ಚಿತ್ರ ಬಿಡಿಸುವ ಮಕ್ಕಳಿಗೆ ಹೇಳಿ.

ಬೆಳಕಿನ ವಿಷಯದಲ್ಲಿ ಒಂದು ಕಟ್ಟುನಿಟ್ಟಿನ ಎಚ್ಚರಿಕೆ: ಸೂರ್ಯನ ಕಡೆಗೆ ಹಿಡಿದು ನೋಡಲು ಯಾವ ಮಗುವನ್ನೂ ಬಿಡಬಾರದು. ಗುಡ್ಡದ ಮೇಲಿನ ಶಾಲೆಯ ಅಂಗಳದಲ್ಲಿ ಬಿಸಿಲು ಚುರುಕಾಗಿರುತ್ತದೆ, ಮಕ್ಕಳು ಸಹಜವಾಗಿ ಹೆಚ್ಚು ಬೆಳಕಿರುವತ್ತ ತಿರುಗುತ್ತಾರೆ. ಅವರನ್ನು ಸೂರ್ಯನಿಗೆ ಬೆನ್ನು ಹಾಕಿಸಿ ನಿಲ್ಲಿಸಿ, ಬಿಸಿಲು ಬಿದ್ದ ಸುಣ್ಣದ ಗೋಡೆಯನ್ನೋ ಎದುರಿನ ಆಕಾಶವನ್ನೋ ನೋಡುವಂತೆ ಮಾಡಿ. ತರಗತಿ ಶುರುವಾಗುವ ಮೊದಲು ಇದನ್ನೇ ಹೇಳಿ, ನಡುವೆ ಇನ್ನೊಮ್ಮೆ ಹೇಳಿ. ನಮ್ಮಲ್ಲಿ ಆಟಿ ತಿಂಗಳ ಮಳೆಗಾಲದ ಕತ್ತಲೆಯಲ್ಲಿ ಅಭ್ಯಾಸ ಮಾಡುವವರು ಮೊಬೈಲಿನ ಟಾರ್ಚಿಗೆ ಒಂದು ಪದರ ಟಿಶ್ಯೂ ಕಾಗದ ಸುತ್ತಿಕೊಳ್ಳಿ. ಬರಿಯ ಟಾರ್ಚು ಕಣ್ಣಿಗೂ ಒಳ್ಳೆಯದಲ್ಲ, ಚಿತ್ರವೂ ಬಿಳಿಚಿಕೊಳ್ಳುತ್ತದೆ.

ಏನು ನೋಡುವುದು ಎಂಬಲ್ಲಿಗೆ ಬಂದರೆ ಪಠ್ಯಪುಸ್ತಕ ಈರುಳ್ಳಿ ಸಿಪ್ಪೆಯಿಂದ ಶುರುಮಾಡುತ್ತದೆ. ನಮ್ಮ ಸಲಹೆ ಗೋಡೆಯ ಮಾಸ್. ಮಳೆಗಾಲದಲ್ಲಿ ಉಡುಪಿಯ ಮುರಕಲ್ಲಿನ ಪಾಗಾರದ ಮೇಲೆ ಹಸಿರು ಮಕಮಲ್ಲಿನಂತೆ ಹಬ್ಬುತ್ತದಲ್ಲ, ಅದು. ಜಾರುವ ಹಾವಸೆ ಬೇರೆ. ಇದು ಪುಟ್ಟ ಪುಟ್ಟ ಎಲೆಗಳಿರುವ ಸಸ್ಯ. ನೇಪಾಳದ ಗುಡ್ಡದ ಕಲ್ಲುಗೋಡೆಗಳಲ್ಲೂ ಮಾಸಿಗೆ ಬರವಿಲ್ಲ. ಬಹುತೇಕ ಮಾಸಿನ ಎಲೆಯ ದಪ್ಪ ಒಂದೇ ಜೀವಕೋಶದಷ್ಟು. ಆದ್ದರಿಂದ ಬ್ಲೇಡು ಬೇಡ, ಸಿಪ್ಪೆ ಸುಲಿಯುವ ಚಾಕಚಕ್ಯತೆ ಬೇಡ, ಬಣ್ಣ ಹಾಕುವುದೂ ಬೇಡ. ಒಂದು ಎಳೆಯನ್ನು ನೀರಿನಲ್ಲಿ ಅಲುಗಿಸಿ ಮಣ್ಣು ತೊಳೆದು, ಚಿಮುಟದಿಂದ ಒಂದೆಲೆ ಕಿತ್ತು, ಸ್ಲೈಡಿನ ಮೇಲಿನ ಒಂದು ಹನಿ ನೀರಿನಲ್ಲಿಟ್ಟು, ಕವರ್‌ಸ್ಲಿಪ್ಪಿನ ಒಂದು ಅಂಚನ್ನು ಮೊದಲು ನೀರಿಗೆ ತಾಗಿಸಿ ಓರೆಯಾಗಿ ಇಳಿಸಬೇಕು. ನೆಟ್ಟಗೆ ಬೀಳಿಸಿದರೆ ಗಾಳಿಗುಳ್ಳೆ ಸಿಕ್ಕಿಕೊಳ್ಳುತ್ತದೆ. ಕಪ್ಪು ಅಂಚಿನ ದುಂಡಗಿನ ಆ ಗುಳ್ಳೆಯನ್ನೇ ಮಕ್ಕಳು ಜೀವಕೋಶವೆಂದು ಬಿಡಿಸಿಬಿಡುತ್ತಾರೆ. ಹೆಚ್ಚಾದ ನೀರನ್ನು ಕಾಗದದ ತುದಿಯಿಂದ ಹೀರಿಸಿ, ಇಲ್ಲವಾದರೆ ಸ್ಲೈಡು ತೂರಿಸುವಾಗ ಕವರ್‌ಸ್ಲಿಪ್ ಜಾರಿ ಹೋಗುತ್ತದೆ.

ಫೋಕಸ್ ಸರಿಯಾದಾಗ ಇಟ್ಟಿಗೆ ಕಟ್ಟಿದಂತೆ ಒತ್ತೊತ್ತಾಗಿ ನಿಂತ ಜೀವಕೋಶಗಳು, ಪ್ರತಿಯೊಂದರೊಳಗೂ ಹಸಿರು ಚುಕ್ಕಿಗಳು ಕಾಣುತ್ತವೆ. ಆ ಚುಕ್ಕಿಗಳೇ ಕ್ಲೋರೋಪ್ಲಾಸ್ಟುಗಳು, ಒಂದೊಂದು ಸುಮಾರು ಐದು ಮೈಕ್ರಾನ್. ಫೋಲ್ಡ್‌ಸ್ಕೋಪಿನ ಪೃಥಕ್ಕರಣ ಶಕ್ತಿ, ಅಂದರೆ ಪಕ್ಕಪಕ್ಕದ ಚುಕ್ಕಿಗಳನ್ನು ಬೇರೆಬೇರೆಯಾಗಿ ತೋರಿಸುವ ಮಿತಿ, ಸುಮಾರು ಎರಡು ಮೈಕ್ರಾನ್ ಆದ್ದರಿಂದ ಇವು ಬಿಡಿಬಿಡಿಯಾಗಿಯೇ ಕಾಣುತ್ತವೆ. ನಡುವೆ ಚೂಪಾಗಿದ್ದು ಅಂಚಿಗೆ ಹೋದಂತೆ ಮಸುಕಾಗುವುದು ಮಣಿ ಲೆನ್ಸಿನ ಗುಣ, ಮಡಿಸಿದವರ ತಪ್ಪಲ್ಲ. ಇನ್ನೊಂದು ಲಾಭವೂ ಇದೆ. ಉಡುಪಿಯ ನಿಮ್ಮ ಶಾಲೆಯ ಮಕ್ಕಳು ಮುಂಚಿತವಾಗಿ ಪಾಗಾರದ ಮಾಸ್ ನೋಡಿ ಚಿತ್ರ ಬಿಡಿಸಿದ್ದರೆ ಆ ಹಾಳೆಗಳನ್ನು ಒಯ್ದು ಅಲ್ಲಿಯ ಮಕ್ಕಳ ಚಿತ್ರದ ಪಕ್ಕದಲ್ಲಿಡಬಹುದು. ಎರಡು ದೇಶದ ಮಕ್ಕಳು ಒಂದೇ ವಸ್ತುವನ್ನು ಒಂದೇ ಉಪಕರಣದಲ್ಲಿ ನೋಡಿ ಹೋಲಿಸುವುದಕ್ಕಿಂತ ಒಳ್ಳೆಯ ಪರಿಚಯ ನಮಗೆ ತೋಚುವುದಿಲ್ಲ.

ಪರಾಗಕ್ಕೆ ಟೇಪೇ ಸಾಕು. ಕೇಸರದ ಮೇಲೆ ಟೇಪು ಒತ್ತಿ ಕಾಗದದ ಸ್ಲೈಡಿನ ಕಿಂಡಿಗೆ ಅಂಟಿಸಿದರಾಯಿತು. ಮನೆಯಲ್ಲಿ ಅಭ್ಯಾಸಕ್ಕೆ ದಾಸವಾಳ ಒಳ್ಳೆಯದು: ದೊಡ್ಡ ಪರಾಗ, ಮೈತುಂಬ ಮುಳ್ಳು. ನೇಪಾಳದಲ್ಲಿ ಅದಕ್ಕಿಂತ ಚೆಂದದ್ದು ಅವರ ರಾಷ್ಟ್ರಪುಷ್ಪ ಲಾಲಿಗುರಾಂಸ್ (ರೋಡೋಡೆಂಡ್ರನ್). ಅದರ ಪರಾಗ ಒಂಟಿಯಾಗಿ ಉದುರುವುದಿಲ್ಲ. ನಾಲ್ಕು ನಾಲ್ಕು ಕಣ ಅಂಟಿಕೊಂಡು, ಅಂಥ ಗುಂಪುಗಳ ನಡುವೆ ಜಿಗುಟು ಎಳೆಗಳಿರುತ್ತವೆ. ಪರಾಗವನ್ನು ಒತ್ತಾಗಿ ತುಂಬಬಾರದು. ಟೇಪಿನಲ್ಲಿ ಬರಿಗಣ್ಣಿಗೆ ಹಳದಿ ಕಂಡರೆ ಅದು ಹೆಚ್ಚಾಯಿತೆಂದೇ ಅರ್ಥ, ಬೆಳಕು ತೂರದೆ ಕಪ್ಪು ಮುದ್ದೆ ಕಾಣುತ್ತದೆ.

ಕೆರೆನೀರಿಗೆ ತಿಳಿನೀರು ತರಬೇಡಿ. ಮಣಿಪಾಲದ ಮಣ್ಣಪಳ್ಳ ಕೆರೆಯಾಗಲಿ ಅಲ್ಲಿಯ ಗದ್ದೆಯ ಬದುವಾಗಲಿ, ಹಸಿರು ಕಟ್ಟಿದ ಅಂಚಿನ ಗಿಡವನ್ನು ಹಿಂಡಿದ ನೀರು ಬೇಕು. ಇನ್ನೂ ಖಚಿತ ಬೇಕಾದರೆ ಬೈಹುಲ್ಲಿನ ತುಂಡುಗಳನ್ನು ಕೆರೆನೀರಿನಲ್ಲಿ ನಾಲ್ಕೈದು ದಿನ ನೆನೆಹಾಕಿ ಮೇಲ್ಪದರದ ಹನಿ ತಕೊಳ್ಳಿ, ಪ್ಯಾರಾಮೀಸಿಯಂ ಎಂಬ ಏಕಕೋಶ ಜೀವಿ ಸಿಗುವ ಸಾಧ್ಯತೆ ಹೆಚ್ಚು. ಅಲ್ಲಿ ಇದನ್ನು ಸ್ಥಳೀಯ ಟೀಚರು ನಿಮ್ಮ ತರಗತಿಗಿಂತ ಮುಂಚೆಯೇ ಮಾಡಿಟ್ಟಿರಬೇಕು, ಬರೆದು ತಿಳಿಸಿ. ಅವುಗಳ ಓಟ ತಡೆಯಲು ಹನಿಗೆ ಹತ್ತಿಯ ನಾಲ್ಕಾರು ಎಳೆ ಬಿಡಿಸಿ ಹಾಕಿ. ಎಳೆಗಳ ನಡುವೆ ಸಿಕ್ಕಿ ತಿರುಗಾಡುವಾಗ ನೋಡಲು ಸಿಗುತ್ತವೆ.

ಇಲ್ಲಿ ಒಂದು ವಿಷಯ ಒತ್ತಿ ಹೇಳಬೇಕು. ಊರಿನ ಕುಡಿಯುವ ನೀರನ್ನು ಇದರಲ್ಲಿ ಪರೀಕ್ಷಿಸಿ ತೋರಿಸುವ ಆಸೆ ಬೇಡ. ಟೈಫಾಯ್ಡು, ಕಾಲರಾ ತರುವ ಬ್ಯಾಕ್ಟೀರಿಯಾಗಳು ಒಂದೆರಡು ಮೈಕ್ರಾನ್ ಗಾತ್ರದವು, ಈ ಲೆನ್ಸಿನಲ್ಲಿ ಗುರುತಿಸಲು ಸಿಗುವುದಿಲ್ಲ. ಏನೂ ಕಾಣದ ನೀರು ಶುದ್ಧವೆಂದು ಮಕ್ಕಳು ಮನೆಗೆ ಹೋಗಿ ಹೇಳಿದರೆ ಅದು ಅಪಾಯ. ಏನೋ ಓಡಾಡುವುದು ಕಂಡು ಒಳ್ಳೆಯ ಒರತೆಯ ನೀರು ಬಿಟ್ಟರೆ ಅದೂ ತಪ್ಪೇ. ಹೊರಗಿನಿಂದ ಬಂದ ಟೀಚರ ಮಾತಿಗೆ ಹಳ್ಳಿಯಲ್ಲಿ ತೂಕ ಹೆಚ್ಚು. ಆ ತೂಕಕ್ಕೆ ತಕ್ಕಂತೆ ಮಾತು ಬಿಗಿಹಿಡಿಯಬೇಕು.

ಅದೇ ಕಾರಣಕ್ಕೆ ಮಗುವಿನ ತಲೆಯ ಹೇನು ತೆಗೆದು ಎಲ್ಲರಿಗೂ ತೋರಿಸುವುದೂ ಬೇಡ. ನೋಡಲು ಅದ್ಭುತವಾಗಿರುತ್ತದೆ ನಿಜ, ಆದರೆ ಆ ಮಗುವಿಗೆ ಆಗುವ ಅವಮಾನ ನೀವು ಹೊರಟ ಮೇಲೂ ಉಳಿಯುತ್ತದೆ. ಇರುವೆಯ ಕಾಲು, ಮೀನಿನ ಪೊರೆ, ಚಿಟ್ಟೆಯ ರೆಕ್ಕೆಯ ಪುಡಿ ಇವೆಯಲ್ಲ. ಬೆರಳಿಗೆ ಸೂಜಿ ಚುಚ್ಚಿ ರಕ್ತ ನೋಡುವುದು ಯಾವ ಕಾರಣಕ್ಕೂ ಕೂಡದು. ಕೆನ್ನೆಯೊಳಗಿನ ಜೀವಕೋಶ ನೋಡುವುದಾದರೆ ಪ್ರತಿ ಮಗುವಿಗೂ ಬೇರೆ ಹಲ್ಲುಕಡ್ಡಿ, ಬಳಸಿದ ಕೂಡಲೇ ಚೀಲಕ್ಕೆ. ಅದಕ್ಕೆ ಬೇಕಾದ ಮೆಥಿಲೀನ್ ಬ್ಲೂ ಅಲಂಕಾರ ಮೀನಿನ ಅಂಗಡಿಗಳಲ್ಲಿ ಸಿಗುತ್ತದೆ. ಕಣ್ಣುಬೇನೆ ಓಡಾಡುತ್ತಿರುವ ದಿನಗಳಲ್ಲಿ ಹುಬ್ಬಿಗೆ ತಾಗಿಸಿ ನೋಡುವ ಯಾವ ಉಪಕರಣವನ್ನೂ ಹಂಚಬೇಡಿ, ಕಾರ್ಯಕ್ರಮವನ್ನೇ ಮುಂದೂಡಿ.

ಮೊಬೈಲಿಗೆ ಜೋಡಿಸಲು ಮ್ಯಾಗ್ನೆಟ್ಟಿನ ಬಳೆ ಬರುತ್ತದೆ. ಕ್ಯಾಮೆರಾದ ಸುತ್ತ ಅಂಟಿಸಿದರೆ ಫೋಲ್ಡ್‌ಸ್ಕೋಪ್ ತಾನಾಗಿ ಅಂಟಿ ನಿಲ್ಲುತ್ತದೆ. ಮೂರು ನಾಲ್ಕು ಕ್ಯಾಮೆರಾ ಇರುವ ಫೋನುಗಳಲ್ಲಿ ತಕರಾರು ಇಲ್ಲೇ. ಬಳೆ ಮುಖ್ಯ ಕ್ಯಾಮೆರಾದ ನಡುವಿಗೇ ಬರಬೇಕು. ವಸ್ತು ಹತ್ತಿರ ಬಂತೆಂದು ಫೋನು ತಾನಾಗಿ ಬೇರೆ ಕ್ಯಾಮೆರಾಕ್ಕೆ ಹಾರಿದರೆ ಪರದೆ ಕಪ್ಪಾಗುತ್ತದೆ, ಆದ್ದರಿಂದ ಮ್ಯಾಕ್ರೋ ಆಯ್ಕೆಯನ್ನು ಮೊದಲೇ ಬಂದ್ ಮಾಡಿ. ಎರಡು ಮೂರು ಪಟ್ಟು ಜೂಮ್ ಮಾಡಿ, ಪರದೆಯ ಮೇಲೆ ಬೆರಳು ಒತ್ತಿ ಹಿಡಿದು ಬೆಳಕಿನ ಮಟ್ಟವನ್ನು ಸ್ಥಿರಗೊಳಿಸಿ. ಆದರೂ ಫೋನು ಹೊರತೆಗೆಯುವುದು ತರಗತಿಯ ಕೊನೆಗಿರಲಿ. ಮೊದಲೇ ತೆಗೆದರೆ ಇಪ್ಪತ್ತು ಫೋಲ್ಡ್‌ಸ್ಕೋಪುಗಳು ಬೆಂಚಿನ ಮೇಲೆ ಬಿದ್ದು ನಲ್ವತ್ತು ತಲೆಗಳು ನಿಮ್ಮ ಪರದೆಯ ಸುತ್ತ ಮುತ್ತಿಕೊಳ್ಳುತ್ತವೆ.

ಯಾವಾಗ ಹೋಗುವುದು ಎಂಬುದೂ ಈ ಉಪಕರಣದ ಯಶಸ್ಸಿಗೆ ಸೇರಿದ ಮಾತು. ನಮ್ಮ ದಸರಾ ರಜೆ ಖಾಲಿಯಿದೆಯೆಂದು ಟಿಕೆಟ್ ಮಾಡಿದರೆ ಅಲ್ಲಿ ದಶೈಂ ರಜೆ, ಶಾಲೆಯೇ ಇರುವುದಿಲ್ಲ. ಅಲ್ಲಿಯ ಶೈಕ್ಷಣಿಕ ವರ್ಷ ಬೈಶಾಖದಲ್ಲಿ, ಅಂದರೆ ಏಪ್ರಿಲ್ ನಡುವಿನಲ್ಲಿ ಶುರು. ಮೊದಲ ಒಂದೆರಡು ವಾರ ದಾಖಲಾತಿಯ ಗಡಿಬಿಡಿ. ನಮ್ಮ ಬೇಸಗೆ ರಜೆಯ ಮೇ ತಿಂಗಳು ಎರಡೂ ಕಡೆಗೆ ಹೊಂದುತ್ತದೆ. ಲಾಲಿಗುರಾಂಸ್ ನೋಡಲೇಬೇಕೆಂದರೆ ಮಾರ್ಚ್ ಏಪ್ರಿಲ್‌ನಲ್ಲಿ ಹೋಗಬೇಕು, ಆಗ ಅಲ್ಲಿ ವಾರ್ಷಿಕ ಪರೀಕ್ಷೆಯ ಕಾಲ. ಮುಖ್ಯೋಪಾಧ್ಯಾಯರು ಎರಡು ಪಿರಿಯಡ್ ಒಟ್ಟಿಗೆ ಕೊಡುವುದು ಕಷ್ಟ. ವಾರದ ರಜೆ ರೂಢಿಯಿಂದ ಶನಿವಾರ, ದಿನ ಗೊತ್ತುಮಾಡುವ ಮುನ್ನ ಕೇಳಿಕೊಳ್ಳಿ. ಪತ್ರ ಬರೆಯುವಾಗ ನಮ್ಮ ತಾರೀಕಿನ ಜೊತೆ ನೇಪಾಳದ ಪಂಚಾಂಗವಾದ ವಿಕ್ರಮ ಸಂವತ್‌ನ ತಾರೀಕೂ ಹಾಕಿ. ಅವರ ದಾಖಲೆಗಳೆಲ್ಲ ಅದರಲ್ಲೇ ಇರುವುದು. 2082 ಎಂದರೆ ನಮ್ಮ 2025ರ ಏಪ್ರಿಲ್‌ನಿಂದ 2026ರ ಏಪ್ರಿಲ್‌ವರೆಗೆ. ಗಡಿಯಾರ ಹದಿನೈದು ನಿಮಿಷ ಮುಂದಿಡುವುದನ್ನೂ ಮರೆಯಬೇಡಿ.

ಭಾರತೀಯರಿಗೆ ವೀಸಾ ಬೇಡ. ವಿಮಾನದಲ್ಲಿ ಹೋಗುವವರಿಗೆ ಪಾಸ್‌ಪೋರ್ಟ್ ಅಥವಾ ಮತದಾರರ ಗುರುತಿನ ಚೀಟಿ ಬೇಕು, ಆಧಾರ್ ನಂಬಿ ಹೊರಡಬೇಡಿ. ಸರಕಾರಿ ಶಾಲೆಯವರು ಇಲಾಖೆಯ ನಿರಾಕ್ಷೇಪಣಾ ಪತ್ರ ಮೊದಲೇ ಪಡೆಯಬೇಕು. ಚಿಮುಟ, ಸೂಜಿ, ಬ್ಲೇಡು ಚೆಕ್-ಇನ್ ಚೀಲಕ್ಕೆ, ಪವರ್‌ಬ್ಯಾಂಕ್ ಕೈಚೀಲಕ್ಕೆ. ಬಣ್ಣದ ಸೀಸೆಯನ್ನು ಎರಡು ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿ. ಮೆಥಿಲೀನ್ ಬ್ಲೂ ಸೋರಿದರೆ ಚೀಲದಲ್ಲಿರುವ ಬಟ್ಟೆಯೆಲ್ಲ ನೀಲಿ. ಅಯೋಡಿನ್ ಒಯ್ಯುವ ಬದಲು ಅಲ್ಲಿಯ ಔಷಧಿ ಅಂಗಡಿಯಲ್ಲಿ ಗಾಯಕ್ಕೆ ಹಚ್ಚುವ ಪೊವಿಡೋನ್ ಅಯೋಡಿನ್ ತಕೊಂಡು ನೀರು ಬೆರೆಸಿದರೆ ಆಲೂಗೆಡ್ಡೆಯ ಪಿಷ್ಟ ತೋರಿಸಲು ಸಾಕು. ಸ್ಲೈಡಿನ ಪೆಟ್ಟಿಗೆಯನ್ನು ಬಟ್ಟೆಯ ನಡುವೆ ಇಡಿ. ಪ್ಯಾಕಿನ ಬಿಲ್ಲು ಮತ್ತು ಶಾಲೆ ಕಳಿಸಿದ ಆಹ್ವಾನಪತ್ರ ಕೈಗೆ ಸಿಗುವಲ್ಲಿರಲಿ, ಕಸ್ಟಮ್ಸಿನವರು ಒಂದೇ ಬಗೆಯ ಇಪ್ಪತ್ತು ಸಾಮಾನು ಕಂಡು ಕೇಳಿದರೆ ತೋರಿಸಲಿಕ್ಕೆ.

ಕೊರತೆಗಳನ್ನೂ ಹೇಳಬೇಕು. ಒಂದೇ ವರ್ಧನೆ; ಶಾಲೆಯ ಸಂಯುಕ್ತ ಸೂಕ್ಷ್ಮದರ್ಶಕದ ಹಾಗೆ 100 ಪಟ್ಟಿನಲ್ಲಿ ಹುಡುಕಿ 400 ಪಟ್ಟಿಗೆ ಏರುವ ಅನುಕೂಲ ಇಲ್ಲ. ಬೇಕಾದ ಜೀವಿ ನೋಟದಿಂದ ತಪ್ಪಿಸಿಕೊಂಡರೆ ಮತ್ತೆ ಹುಡುಕುವುದು ಪ್ರಯಾಸ. ಕನ್ನಡಕ ಹಾಕುವವರು ತೆಗೆದೇ ನೋಡಬೇಕು. ಕೈ ನಡುಗುವ ಪುಟ್ಟ ಮಕ್ಕಳಿಗೆ, ಅಂದರೆ ಐದನೇ ತರಗತಿಗಿಂತ ಕೆಳಗಿನವರಿಗೆ ಇದು ಒಗ್ಗುವುದಿಲ್ಲ; ಅವರಿಗೆ ಒಳ್ಳೆಯ ಕೈಮಸೂರ ಕೊಡಿ. ಬಹಳ ದಿನ ಬಳಸಿದ ಮೇಲೆ ಮಡಿಕೆಗಳು ಸಡಿಲಾಗಿ ಫೋಕಸ್ ನಿಲ್ಲದೆ ಜಾರುತ್ತದೆ, ಆಗ ಪಟ್ಟಿಯ ಕೆಳಗೆ ಟೇಪಿನ ಒಂದು ಚೂರು ಅಂಟಿಸಿ ಬಿಗಿ ಮಾಡಬೇಕಾಗುತ್ತದೆ. ಇದರ ಬದಲಿಗೆ "1000 ಪಟ್ಟು" ಎಂದು ಮಾರುವ ಯುಎಸ್‌ಬಿ ಸೂಕ್ಷ್ಮದರ್ಶಕ ಒಯ್ಯಲೇ ಎಂದು ಕೇಳುವವರಿದ್ದಾರೆ. ಆ ಅಂಕಿಯಲ್ಲಿ ಪರದೆಯ ಹಿಗ್ಗುವಿಕೆಯೂ ಸೇರಿರುತ್ತದೆ, ಜೊತೆಗೆ ಲ್ಯಾಪ್‌ಟಾಪೂ ಕರೆಂಟೂ ಬೇಕು. ಬೇಡ.

ಶಾಲೆಗೆ ತಲುಪಿದ ದಿನವೇ ತರಗತಿ ಇಟ್ಟುಕೊಳ್ಳಬೇಡಿ. ಮೊದಲ ಸಂಜೆ ಅಲ್ಲಿಯ ವಿಜ್ಞಾನದ ಟೀಚರನ್ನು ಕೂರಿಸಿಕೊಂಡು ಅವರ ಕೈಯಲ್ಲೇ ಎರಡು ಮಡಿಸಿಸಿ, ಭಾಗಗಳ ಹೆಸರನ್ನು ನೇಪಾಳಿಯಲ್ಲಿ ಅವರೇ ಒಂದು ಹಾಳೆಯಲ್ಲಿ ಬರೆಯಲಿ. ಮಾರನೆಯ ದಿನ ಮಕ್ಕಳಿಗೆ ಕಲಿಸುವವರು ಅವರು, ನೀವು ಬೆಂಚುಗಳ ನಡುವೆ ಓಡಾಡಿ ತಪ್ಪು ತಿದ್ದುವವರು. ಎರಡು ಪಿರಿಯಡ್ ಒಟ್ಟಿಗೆ ಬೇಕು: ಒಂದರಲ್ಲಿ ಮಡಿಸುವುದು, ಕೂದಲು ನೋಡುವುದು, ಇನ್ನೊಂದರಲ್ಲಿ ಮಾಸ್. ಮೂರನೆಯ ದಿನ ಮಕ್ಕಳು ಮನೆಯಿಂದ ತಂದದ್ದನ್ನು ನೋಡುವುದಕ್ಕೆ ಮೀಸಲಿಡಿ. ಆ ದಿನ ಏನು ಬರುತ್ತದೆಂದು ನೀವು ಊಹಿಸಲಾರಿರಿ, ಊಹಿಸದೆ ಇರುವುದೇ ಸರಿ.

ಬಿಟ್ಟುಬರುವಾಗ ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಇಡಿಸಿ. ಮಳೆಗಾಲದಲ್ಲಿ ಲೆನ್ಸಿಗೆ ಬೂಷ್ಟು ಹಿಡಿಯುವುದು ನಮ್ಮಲ್ಲಿ ಹೇಗೋ ಅಲ್ಲಿಯೂ ಹಾಗೆಯೇ. ಪ್ರತಿ ಫೋಲ್ಡ್‌ಸ್ಕೋಪಿನ ಮೇಲೂ ಅದರದ್ದೇ ಕ್ರಮಸಂಖ್ಯೆ ಅಚ್ಚಾಗಿರುತ್ತದೆ. ಯಾವ ಜೋಡಿ ಮಕ್ಕಳ ಬಳಿ ಯಾವ ಸಂಖ್ಯೆ ಎಂದು ಶಾಲೆಯ ದಾಸ್ತಾನು ಪುಸ್ತಕದಲ್ಲಿ ಬರೆಸಿ. ಬೀಗದ ಕೀಲಿ ಮುಖ್ಯೋಪಾಧ್ಯಾಯರ ಮೇಜಿನಲ್ಲಿರದೆ ವಿಜ್ಞಾನದ ಟೀಚರ ಕೈಯಲ್ಲಿರಲಿ, ರಜೆಯಲ್ಲಿ ಮಕ್ಕಳು ಮನೆಗೆ ಒಯ್ಯಬಹುದೆಂದೂ ಆ ಪುಸ್ತಕದಲ್ಲೇ ಬರೆದಿರಲಿ. ಹಾಗೆ ಬರೆಯದಿದ್ದರೆ ಹಾಳಾದೀತೆಂಬ ಹೆದರಿಕೆಗೆ ಡಬ್ಬಿ ಕಪಾಟಿನಿಂದ ಇಳಿಯುವುದೇ ಇಲ್ಲ. ಟೇಪು, ಕವರ್‌ಸ್ಲಿಪ್ ಮುಗಿದಾಗ ಎಲ್ಲಿ ತರಿಸುವುದೆಂದು ಹತ್ತಿರದ ಪೇಟೆಯ ಅಂಗಡಿಯ ಹೆಸರನ್ನು ಡಬ್ಬಿಯ ಮುಚ್ಚಳದ ಒಳಗೆ ಅಂಟಿಸಿಬಿಡಿ.